ಚಿತ್ತಚಾಂಚಲ್ಯವೂ ಧ್ಯಾನವೂ: ಎಡೆದೊರೆನಾಡಿನ ದಾಸರು ತೋರಿದ ಒಂದು ದಾರಿ

ಧ್ಯಾನಕ್ಕೆಂದು ಕುಳಿತವರಿಗೆ ಮೊಟ್ಟಮೊದಲು ಎದುರಾಗುವುದು ಮನಸ್ಸಿನ ಗದ್ದಲ. ಕಣ್ಣು ಮುಚ್ಚುವವರೆಗೆ ಎಲ್ಲಿ ಅಡಗಿದ್ದುವೋ ತಿಳಿಯದ ನೆನಪುಗಳು, ಕೊಡಬೇಕಾದ ಬಾಕಿ, ಆಡಿ ಕೆಡಿಸಿಕೊಂಡ ಮಾತು, ಮರುದಿನದ ಪರೀಕ್ಷೆ, ಎಲ್ಲವೂ ಒಟ್ಟಿಗೆ ಮೇಲೆದ್ದು ಬರುತ್ತವೆ. ತಡೆಯಹೋದಷ್ಟೂ ಅವುಗಳ ಹಾವಳಿ ಹೆಚ್ಚುತ್ತದೆ. ಕೆಲವು ದಿನ ಹೀಗೆ ಹೆಣಗಿದ ಮೇಲೆ ಅಭ್ಯಾಸಿಯು, ಧ್ಯಾನ ತನಗೆ ಒಗ್ಗುವುದಲ್ಲ, ತನ್ನ ಮನಸ್ಸೇ ಅದಕ್ಕೆ ಅನರ್ಹವಾದದ್ದು ಎಂದು ತೀರ್ಮಾನಿಸಿ ಎದ್ದುಬಿಡುತ್ತಾನೆ. ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ಇಂಥ ತರುಣ ತರುಣಿಯರು ಅಪರಿಚಿತರಲ್ಲ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೂ, ರಾಯಚೂರು ಜಿಲ್ಲೆಯ ಮಾನ್ವಿ ದೇವದುರ್ಗ ಸೀಮೆಗಳಲ್ಲಿ ಮೈದಳೆದ ಹರಿದಾಸ ಪರಂಪರೆಯು ಈ ತೊಡಕನ್ನು ಯಾವ ರೀತಿಯಲ್ಲಿ ಬಿಡಿಸಿತೆಂಬುದನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶ.

ದೂರು ಹಳೆಯದು. ಭಗವದ್ಗೀತೆಯ ಆರನೆಯ ಅಧ್ಯಾಯದ ೩೪ನೆಯ ಶ್ಲೋಕದಲ್ಲಿ ಅರ್ಜುನನು, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿಯುವಷ್ಟೇ ಕಷ್ಟವೆಂದು ಹೇಳಿಕೊಳ್ಳುತ್ತಾನೆ. ಹೇಳಿದವನು ಯಾರೆಂಬುದನ್ನು ಗಮನಿಸಬೇಕು. ಗುರಿಯಲ್ಲಿ ಹಕ್ಕಿಯ ಕಣ್ಣೊಂದನ್ನೇ ಕಂಡವನೆಂದು ಏಕಾಗ್ರತೆಗೆ ಲೋಕವೇ ಉದಾಹರಿಸುವ ಬಿಲ್ಗಾರನ ಮಾತಿದು. ಹೊರಗಿನ ಗುರಿಯೊಂದರ ಮೇಲೆ ಮನಸ್ಸನ್ನು ನಿಲ್ಲಿಸಬಲ್ಲವನಿಗೂ ಬರಿದೇ ಕುಳಿತಾಗ ಮನಸ್ಸು ವಶವಾಗಲಿಲ್ಲ. ಕೃಷ್ಣನು ಈ ಮಾತನ್ನು ಅಲ್ಲಗಳೆಯುವುದಿಲ್ಲ. ಮನಸ್ಸು ಚಂಚಲವೆಂಬುದನ್ನು ನಿಸ್ಸಂಶಯವಾಗಿ ಒಪ್ಪಿಕೊಂಡು, ಅಭ್ಯಾಸ ವೈರಾಗ್ಯಗಳೆಂಬ ಎರಡು ಸಾಧನಗಳನ್ನು ಸೂಚಿಸುತ್ತಾನೆ. ಅಷ್ಟೇ ಮುಖ್ಯವಾದದ್ದು ಅದೇ ಅಧ್ಯಾಯದ ೨೬ನೆಯ ಶ್ಲೋಕ. ಮನಸ್ಸು ಎಲ್ಲೆಲ್ಲಿಗೆ ಹರಿದುಹೋಗುತ್ತದೆಯೋ ಅಲ್ಲಲ್ಲಿಂದ ಅದನ್ನು ಹಿಂದಕ್ಕೆ ತರಬೇಕೆಂಬ ವಿಧಿ ಅಲ್ಲಿದೆ. ಹರಿದುಹೋಗದಂತೆ ಕಟ್ಟಿಹಾಕಬೇಕೆಂದು ಅಲ್ಲಿ ಹೇಳಿಲ್ಲ.

ಹಾಗಿದ್ದರೆ ಮನಸ್ಸನ್ನು ಬರಿದುಮಾಡುವುದೇ ಧ್ಯಾನವೆಂಬ ಕಲ್ಪನೆ ಎಲ್ಲಿಂದ ಬಂದಿತು? ಪತಂಜಲಿಯ ಯೋಗಸೂತ್ರದ ಎರಡನೆಯ ಸೂತ್ರವು ಯೋಗವನ್ನು ಚಿತ್ತವೃತ್ತಿಗಳ ನಿರೋಧವೆಂದು ಲಕ್ಷಣೀಕರಿಸುತ್ತದೆ. ಈ ಒಂದು ಸೂತ್ರವನ್ನು ಮಾತ್ರ ಕೇಳಿ ಬಲ್ಲವರು ನಿರೋಧವನ್ನೇ ಮೊದಲ ದಿನದ ಪಾಠವೆಂದು ಭಾವಿಸುತ್ತಾರೆ. ಆದರೆ ಪತಂಜಲಿಯ ಕ್ರಮ ಹಾಗಿಲ್ಲ. ಮೂರನೆಯ ಪಾದದ ಆರಂಭದಲ್ಲಿ ಅವನು ಚಿತ್ತವನ್ನು ಒಂದು ಸ್ಥಾನದಲ್ಲಿ ಕಟ್ಟುವುದು ಧಾರಣೆ ಎಂದೂ, ಅಲ್ಲಿ ಒಂದೇ ಅರಿವು ಎಡೆಬಿಡದೆ ಹರಿಯುವುದು ಧ್ಯಾನವೆಂದೂ ಬೇರ್ಪಡಿಸಿ ಹೇಳುತ್ತಾನೆ. ಅರ್ಥಾತ್, ಧ್ಯಾನವೂ ಒಂದು ಪ್ರವಾಹವೇ; ಬತ್ತಿದ ಹಳ್ಳವಲ್ಲ. ನಾವು ದಿನನಿತ್ಯ ಧ್ಯಾನವೆಂದು ಕರೆಯುವ ಹೆಣಗಾಟ ಬಹುಮಟ್ಟಿಗೆ ಧಾರಣೆಯ ಪ್ರಯತ್ನ. ವ್ಯಾಧಿ, ಸಂಶಯ, ಆಲಸ್ಯ ಮೊದಲಾದ ಒಂಬತ್ತು ಅಂತರಾಯಗಳನ್ನು ಎಣಿಸಿ, ಅವುಗಳೊಡನೆ ದುಃಖ, ಬೇಸರ, ಮೈನಡುಕ, ಉಸಿರಿನ ಏರುಪೇರುಗಳು ಕಾಣಿಸಿಕೊಳ್ಳುತ್ತವೆಂದು ಹೇಳಿದ ಸೂತ್ರಕಾರನು, ಪರಿಹಾರವಾಗಿ ವಿಧಿಸುವುದು ಒಂದು ತತ್ತ್ವದ ಅಭ್ಯಾಸವನ್ನು. ಅಂತರಾಯಗಳ ಪಟ್ಟಿಯಲ್ಲಿ ‘ದೊರೆತ ನೆಲೆಯಲ್ಲಿ ನಿಲ್ಲಲಾರದಿರುವುದು’ ಎಂಬುದೂ ಸೇರಿದೆ. ಶಾಸ್ತ್ರಕಾರನೇ ಮುಂಗಂಡು ಹೆಸರಿಟ್ಟ ಸ್ಥಿತಿಯನ್ನು ತನ್ನೊಬ್ಬನ ದೋಷವೆಂದು ಎಣಿಸಿ ಕೊರಗುವುದಕ್ಕೆ ಕಾರಣವಿಲ್ಲ.

ಆಧುನಿಕ ಮನಶ್ಶಾಸ್ತ್ರವು ಇದೇ ವಿಷಯವನ್ನು ಬೇರೊಂದು ಕಡೆಯಿಂದ ಮುಟ್ಟಿದೆ. ೧೯೮೭ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಐದು ನಿಮಿಷಗಳ ಕಾಲ ಬಿಳಿಯ ಕರಡಿಯೊಂದನ್ನು ನೆನೆಯಬಾರದೆಂದೂ, ನೆನಪಾದರೆ ಗಂಟೆ ಬಾರಿಸಬೇಕೆಂದೂ ಹೇಳಲಾಯಿತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅದಕ್ಕಿಂತ ಸ್ವಾರಸ್ಯವಾದದ್ದು ಮುಂದಿನ ಹಂತ. ಮೊದಲು ತಡೆಹಿಡಿದವರಿಗೆ ಆಮೇಲೆ ನೆನೆಯಲು ಅವಕಾಶ ಕೊಟ್ಟಾಗ, ಆರಂಭದಿಂದಲೇ ನೆನೆಯಲು ಹೇಳಿಸಿಕೊಂಡವರಿಗಿಂತ ಹೆಚ್ಚು ಸಲ ಕರಡಿ ಅವರ ಮನಸ್ಸಿಗೆ ಬಂದಿತು. ತಡೆದದ್ದು ಇಮ್ಮಡಿಯ ರಭಸದಿಂದ ಮರಳಿತೆನ್ನಬಹುದು. ಆದರೆ ಕರಡಿ ನೆನಪಾದಾಗಲೆಲ್ಲ ಅದರ ಬದಲು ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್ ಕಾರನ್ನು ನೆನೆಯಿರೆಂದು ಹೇಳಿಸಿಕೊಂಡವರಲ್ಲಿ ಈ ಮರುಕಳಿಕೆ ಕಡಿಮೆಯಾಗಿತ್ತು. ವೆಗ್ನರ್ ೧೯೯೪ರಲ್ಲಿ ಇದಕ್ಕೊಂದು ವಿವರಣೆಯನ್ನು ಸಿದ್ಧಾಂತರೂಪದಲ್ಲಿ ಕೊಟ್ಟರು: ಒಂದು ವಿಚಾರ ಬರಬಾರದೆಂದು ಕಾಯುವ ಮನಸ್ಸಿನ ಭಾಗವು, ಅದು ಬಂದಿದೆಯೇ ಎಂದು ನೋಡುವ ಸಲುವಾಗಿಯೇ ಅದನ್ನು ಸದಾ ಎಚ್ಚರದಲ್ಲಿಡುತ್ತದೆ. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ.

ಮನಸ್ಸು ಅಲೆಯುವುದು ಅಪವಾದವೂ ಅಲ್ಲ. ೨೦೧೦ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬವರು ೨,೨೫೦ ಮಂದಿ ವಯಸ್ಕರನ್ನು ದಿನದ ನಾನಾ ಹೊತ್ತುಗಳಲ್ಲಿ ಮೊಬೈಲಿನ ಮೂಲಕ ವಿಚಾರಿಸಿ ನೋಡಿದಾಗ, ಶೇಕಡಾ ೪೭ರಷ್ಟು ಸಂದರ್ಭಗಳಲ್ಲಿ ಅವರ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲಿಲ್ಲ. ಧ್ಯಾನಕ್ಕೆ ಕುಳಿತವನು ಅಲೆದಾಟವನ್ನು ಹೊಸದಾಗಿ ಉಂಟುಮಾಡಿಕೊಳ್ಳುವುದಿಲ್ಲ. ಮೊದಲೇ ಇದ್ದುದನ್ನು ಮೊದಲ ಬಾರಿಗೆ ಕಾಣುತ್ತಾನೆ.

ಇನ್ನು ನಮ್ಮ ನಾಡಿನ ಮಾತಿಗೆ ಬರೋಣ. ಕೃಷ್ಣಾ ತುಂಗಭದ್ರೆಗಳ ನಡುವಣ ಭೂಭಾಗವನ್ನು ಶಾಸನಗಳು ಎಡೆದೊರೆ ಎಂದು ಕರೆಯುತ್ತವೆ. ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯವು ಎರಡನೆಯ ಬಾರಿಗೆ ಚಿಗುರಿದ್ದು ಈ ನೆಲದಲ್ಲಿ. ವಿಜಯದಾಸರು ಹುಟ್ಟಿದ್ದು ತುಂಗಭದ್ರೆಯ ದಡದ ಚೀಕಲಪರವಿಯಲ್ಲಿ, ಮಾನ್ವಿಯ ಸೀಮೆ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಇವರಿಂದ ದಾಸದೀಕ್ಷೆಯ ಹಾದಿ ಹಿಡಿದ ಜಗನ್ನಾಥದಾಸರು ಮಾನ್ವಿಗೆ ಹತ್ತಿರದ ಬ್ಯಾಗವಾಟದಲ್ಲಿ ಜನಿಸಿ, ಮಾನ್ವಿಯಲ್ಲಿ ನೆಲೆಸಿ, ೧೮೦೯ರಲ್ಲಿ ಅಲ್ಲಿಯೇ ದೇಹಬಿಟ್ಟರು. ಭಾದ್ರಪದ ಶುದ್ಧ ನವಮಿ ಅವರ ಆರಾಧನೆಯ ದಿನ. ರಾಯಚೂರಿಗೆ ಸಮೀಪದ ಬಿಚ್ಚಾಲೆಯಲ್ಲಿ ನದಿಯ ದಂಡೆಯ ಮೇಲಿರುವ ಜಪದ ಕಟ್ಟೆಯನ್ನು ರಾಘವೇಂದ್ರಸ್ವಾಮಿಗಳು ಜಪಕ್ಕೆ ಕುಳಿತ ಸ್ಥಳವೆಂದು ಜನ ಇಂದಿಗೂ ತೋರಿಸುತ್ತಾರೆ. ಒಟ್ಟಿನಲ್ಲಿ ಜಪಧ್ಯಾನಗಳು ಇಲ್ಲಿ ಪುಸ್ತಕದ ವಿಷಯಗಳಾಗಿರದೆ ಊರುಗಳ ಗುರುತುಗಳಾಗಿವೆ.

ಜಗನ್ನಾಥದಾಸರ ಪೂರ್ವಾಶ್ರಮದ ಕಥೆಯನ್ನು ಪರಂಪರೆ ಹೀಗೆ ಹೇಳುತ್ತದೆ. ಶ್ರೀನಿವಾಸಾಚಾರ್ಯರೆಂಬ ಹೆಸರಿನಿಂದ ಸಂಸ್ಕೃತ ಪಾಂಡಿತ್ಯಕ್ಕೆ ಪ್ರಸಿದ್ಧರಾಗಿದ್ದ ಅವರು, ಕನ್ನಡದಲ್ಲಿ ಹಾಡಿ ಕುಣಿಯುವ ದಾಸರನ್ನು ಹಗುರಾಗಿ ಕಂಡು ವಿಜಯದಾಸರ ಆಹ್ವಾನವನ್ನು ತಿರಸ್ಕರಿಸಿದರು. ಮುಂದೆ ತೀವ್ರವಾದ ಉದರವ್ಯಾಧಿಗೆ ಈಡಾದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು. ಕಥೆಯ ಐತಿಹಾಸಿಕತೆಯನ್ನು ಪರೀಕ್ಷಿಸುವುದು ಇಲ್ಲಿ ಅಪ್ರಸ್ತುತ. ನಮಗೆ ಬೇಕಾದ ಅಂಶವೆಂದರೆ, ತರ್ಕ ವ್ಯಾಕರಣಗಳಲ್ಲಿ ನುರಿತ ಒಂದು ಬುದ್ಧಿಯು ತನ್ನ ಶಾಸ್ತ್ರವನ್ನೆಲ್ಲ ಕನ್ನಡದ ಹಾಡಾಗಿ ಇಳಿಸುವ ಕೆಲಸಕ್ಕೆ ತೊಡಗಿತೆಂಬುದು. ಇಂಥ ಬುದ್ಧಿಯನ್ನು ಸುಮ್ಮನಿರಿಸುವುದು ಸುಲಭವಲ್ಲವೆಂದು ಊಹಿಸಬಹುದು. ಅದರ ಫಲವಾದ ‘ಹರಿಕಥಾಮೃತಸಾರ’ದಲ್ಲಿ ಮನಸ್ಸನ್ನು ಸುಮ್ಮನಿರಿಸುವ ಪ್ರಯತ್ನವೇ ಕಾಣುವುದಿಲ್ಲ.

ಈ ಗ್ರಂಥವನ್ನು ನಮ್ಮ ವಿದ್ವಾಂಸರು ಸಾಮಾನ್ಯವಾಗಿ ದ್ವೈತಮತದ ತತ್ತ್ವಕೋಶವೆಂದು ಪರಿಗಣಿಸಿದ್ದಾರೆ. ಅದು ಸರಿಯೇ. ಆದರೆ ಕಾವ್ಯದೃಷ್ಟಿಯಿಂದ ಓದಿದ ವಿದ್ಯಾರ್ಥಿಗಳು ಅದರ ಉದ್ದುದ್ದನೆಯ ಎಣಿಕೆಗಳಲ್ಲಿ, ಅಂದರೆ ದೇವತೆಗಳ, ನಾಡಿಗಳ, ಅಕ್ಷರಗಳ, ತತ್ತ್ವಗಳ ಪಟ್ಟಿಗಳಲ್ಲಿ, ಬಾಯಾರಿ ಬಸವಳಿಯುವುದನ್ನು ಕಂಡಿದ್ದೇವೆ. ಪಟ್ಟಿಗಳು ಯಾಕಾಗಿ ಇವೆ ಎಂಬ ಪ್ರಶ್ನೆಯನ್ನು ಯಾರೂ ಸಾಕಷ್ಟು ಕೇಳಿದಂತಿಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ ಅವು ಅಲೆಯುವ ಮನಸ್ಸಿಗೆ ಒದಗಿಸಿದ ಕೆಲಸಗಳು. ಗ್ರಂಥವನ್ನು ಕೋಶವೆಂದು ಮಾತ್ರ ಓದದೆ ಪ್ರಯೋಗಗ್ರಂಥವೆಂದು ಓದಿದರೆ ಶುಷ್ಕವೆಂದು ತೋರಿದ ಭಾಗಗಳೇ ಮುಖ್ಯವಾಗುತ್ತವೆ.

ಉದಾಹರಣೆಗೆ ಭೋಜನಸಂಧಿಯನ್ನು ನೋಡಬಹುದು. ಎಲೆಯ ಮೇಲೆ ಬಡಿಸಿದ ಪದಾರ್ಥಗಳಲ್ಲಿ ಯಾವುದಕ್ಕೆ ಯಾವ ದೇವತೆ ಅಭಿಮಾನಿ, ಅದರೊಳಗೆ ಭಗವಂತನ ಯಾವ ರೂಪವನ್ನು ಚಿಂತಿಸಬೇಕು ಎಂಬುದನ್ನು ಅದು ತಿಳಿಸುತ್ತದೆ. ಊಟಕ್ಕೆ ಕುಳಿತವನ ಮನಸ್ಸು ಸ್ವಭಾವತಃ ಬಡಿಸಿದ್ದರ ಮೇಲೆ, ರುಚಿಯ ಮೇಲೆ, ಪಂಕ್ತಿಯವರ ಮೇಲೆ ಹರಿಯುತ್ತದೆ. ದಾಸರು ಆ ಹರಿವನ್ನು ನಿಲ್ಲಿಸುವುದಿಲ್ಲ. ಅನ್ನದಿಂದ ತುಪ್ಪಕ್ಕೆ, ತುಪ್ಪದಿಂದ ಹಾಲಿಗೆ ಅದು ಹೋಗಲೇಬೇಕೆಂದಿದ್ದರೆ ಹೋಗುವ ಕಡೆಯಲ್ಲೆಲ್ಲ ಒಂದು ಸ್ಮರಣೆಯನ್ನು ಮೊದಲೇ ಇಟ್ಟಿರುತ್ತಾರೆ. ಮನಸ್ಸು ಎಲ್ಲಿಗೆ ಓಡಿದರೂ ಅದು ಬಂದು ಸೇರುವುದು ಒಂದೇ ಮನೆಗೆ. ಮಾಧ್ವರು ಇದನ್ನು ಅನುಸಂಧಾನವೆಂದು ಕರೆಯುತ್ತಾರೆ. ಕೆಂಪು ಕಾರಿನ ಪ್ರಯೋಗದಲ್ಲಿ ಬದಲಿ ವಿಚಾರಕ್ಕೆ ಅರ್ಥವೇನೂ ಇರಲಿಲ್ಲ, ಇಲ್ಲಿ ಅದು ಇಡೀ ಜೀವನದೃಷ್ಟಿಯೊಡನೆ ಹೆಣೆದುಕೊಂಡಿದೆ. ಈ ವ್ಯತ್ಯಾಸ ಸಣ್ಣದಲ್ಲ.

ಶ್ವಾಸಸಂಧಿಯು ಇನ್ನೂ ಸೂಕ್ಷ್ಮವಾದದ್ದು. ಒಂದು ಹಗಲು ರಾತ್ರಿಯಲ್ಲಿ ಮನುಷ್ಯನು ೨೧,೬೦೦ ಸಲ ಉಸಿರಾಡುತ್ತಾನೆಂಬುದು ಯೋಗಗ್ರಂಥಗಳಲ್ಲಿಯೂ ಕಾಣುವ ಹಳೆಯ ಲೆಕ್ಕ. ದಿನಕ್ಕೆ ೬೦ ಘಳಿಗೆ, ಘಳಿಗೆಗೆ ೩೬೦ ಉಸಿರು. ಇಂದಿನ ಗಡಿಯಾರದಲ್ಲಿ ಹೇಳುವುದಾದರೆ ನಿಮಿಷಕ್ಕೆ ೧೫. ವಿಶ್ರಾಂತಿಯಲ್ಲಿರುವ ವಯಸ್ಕನ ಉಸಿರು ನಿಮಿಷಕ್ಕೆ ೧೨ರಿಂದ ೨೦ ಎಂದು ವೈದ್ಯರು ಹೇಳುವುದರ ನಡುವೆಯೇ ಇದು ಬೀಳುತ್ತದೆ. ಪ್ರತಿಯೊಂದು ಉಸಿರಿನೊಡನೆಯೂ ಹಂಸಮಂತ್ರದ ಜಪ ನಡೆಯುತ್ತಿದೆ. ಆದರೆ ಆ ಜಪವನ್ನು ಮಾಡುವವನು ಯಾರು? ದಾಸರ ಪ್ರಕಾರ ಸಕಲ ಜೀವರ ಒಳಗಿದ್ದು ಅದನ್ನು ನಡೆಸುವವನು ಭಾರತೀಪತಿಯಾದ ಮುಖ್ಯಪ್ರಾಣ. ಸಾಧಕನು ನಿದ್ರಿಸಿದಾಗಲೂ, ಬಜಾರದಲ್ಲಿ ಚೌಕಾಸಿ ಮಾಡುವಾಗಲೂ, ಮನಸ್ಸು ನೂರು ಕಡೆ ಹರಿದಾಗಲೂ ಆ ಜಪ ತಪ್ಪುವುದಿಲ್ಲ. ಸಾಧಕನಿಗೆ ಉಳಿಯುವ ಕೆಲಸ, ನಡೆಯುತ್ತಲೇ ಇರುವುದನ್ನು ಆಗಾಗ ನೆನೆದು ಅದಕ್ಕೆ ತನ್ನ ಮನಸ್ಸನ್ನು ಕೂಡಿಸುವುದು.

ಇದರ ಮಾನಸಿಕ ಪರಿಣಾಮವನ್ನು ವಾಚಕರು ಯೋಚಿಸಿ ನೋಡಬೇಕು. ‘ನಾನು ಧ್ಯಾನಮಾಡುತ್ತಿದ್ದೇನೆ, ಅದು ಕೆಟ್ಟಿತು’ ಎಂಬ ಲೆಕ್ಕಕ್ಕೆ ಇಲ್ಲಿ ಎಡೆಯೇ ಇಲ್ಲ, ಏಕೆಂದರೆ ಕೆಡುವಂಥದ್ದು ಸಾಧಕನ ಕೈಯಲ್ಲಿಲ್ಲ. ಮರೆತು ಮರಳಿದಾಗ ತುಂಡಾದದ್ದನ್ನು ಪುನಃ ಆರಂಭಿಸಬೇಕಾಗಿಲ್ಲ, ನಡೆಯುತ್ತಿರುವ ಭಜನೆಗೆ ಬಂದು ಸೇರಿಕೊಂಡರಾಯಿತು. ಈ ಮತವನ್ನು ನಂಬದ ಓದುಗರೂ ಈ ವ್ಯವಸ್ಥೆಯ ಜಾಣತನವನ್ನು ಮೆಚ್ಚಬಹುದು. ಪ್ರಯತ್ನದ ಬಿಗಿತವೇ ಹೊಸ ವಿಕ್ಷೇಪವಾಗುವ ಅಪಾಯವನ್ನು ಅದು ಬುಡದಲ್ಲಿಯೇ ಕತ್ತರಿಸುತ್ತದೆ. ಆಸನದ ವಿಷಯದಲ್ಲಿಯೂ ಇದೇ ಔದಾರ್ಯ. ಮಲಗಿ ಹಾಡಿದವನ ಹಾಡನ್ನು ಕೂಡ ಭಗವಂತನು ಆದರದಿಂದ ಆಲಿಸುವನೆಂದು ಕರುಣಾಸಂಧಿ ಹೇಳುತ್ತದೆ.

ಛಂದಸ್ಸಿನ ಪಾತ್ರವನ್ನು ಇದುವರೆಗೆ ಯಾರೂ ಈ ದೃಷ್ಟಿಯಿಂದ ವಿಚಾರಿಸಿದಂತೆ ತೋರುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರಿಸುವೆವು. ಗ್ರಂಥವಿರುವುದು ಭಾಮಿನೀಷಟ್ಪದಿಯಲ್ಲಿ. ಅದರ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ಮಾತ್ರೆಯ ಗಣವೊಂದು, ನಾಲ್ಕು ಮಾತ್ರೆಯ ಗಣವೊಂದು ಹೀಗೆ ಎರಡಾವರ್ತಿಯಾಗಿ ೧೪ ಮಾತ್ರೆಗಳು; ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ಕ್ರಮ ಮೂರಾವರ್ತಿಯಾಗಿ ಕೊನೆಗೊಂದು ಗುರು ಸೇರಿ ೨೩; ಪದ್ಯಕ್ಕೆ ಒಟ್ಟು ೧೦೨. ಒಂದೇ ಅಳತೆಯ ಗಣಗಳು ಸಾಲಾಗಿ ಬಂದರೆ ಮನಸ್ಸು ಜೋಲಿಯಲ್ಲಿ ಕುಳಿತ ಮಗುವಿನಂತೆ ತೂಗಿ ನಿದ್ದೆಹೋಗುತ್ತದೆ. ಗಣಗಳ ಅಳತೆ ಗೊತ್ತುಗುರಿಯಿಲ್ಲದೆ ಬದಲಾದರೆ ಮನಸ್ಸು ಬೇಸತ್ತು ಹೊರಬೀಳುತ್ತದೆ. ಮೂರು ನಾಲ್ಕರ ಈ ಸಮವಲ್ಲದ ನಡಿಗೆ ಎರಡನ್ನೂ ತಪ್ಪಿಸುತ್ತದೆ. ಹೆಜ್ಜೆ ಹೆಜ್ಜೆಗೂ ಒಂದು ಸಣ್ಣ ಎಚ್ಚರವನ್ನು ಬೇಡುತ್ತದೆ. ಆರು ಪಾದಗಳಿಗೂ ಬರುವ ಆದಿಪ್ರಾಸವು, ಮುಂದಿನ ಪಾದದ ಆರಂಭವನ್ನು ಕಿವಿ ಕಾಯುವಂತೆ ಮಾಡುತ್ತದೆ. ಮೂರನೆಯ ಪಾದದ ಕೊನೆಯ ಗುರುವಿನಲ್ಲಿ ಉಸಿರಿಗೆ ನಿಲುಗಡೆ ಸಿಗುತ್ತದೆ. ಕುಮಾರವ್ಯಾಸನ ಭಾರತವಿರುವುದೂ ಇದೇ ಛಂದಸ್ಸಿನಲ್ಲಿ. ಅದನ್ನು ಗಮಕಿಗಳ ಬಾಯಿಂದ ಕೇಳಿ ಬಲ್ಲ ಹಳ್ಳಿಯವರಿಗೆ ಈ ನಡೆ ಹೊಸದಾಗಿರಲಿಲ್ಲವೆಂಬುದನ್ನೂ ನೆನೆಯಬೇಕು. ಓದುಬರಹ ಬಾರದವರ ಮನಸ್ಸಿಗೂ ಹಿಡಿಕೆಯಾಗುವ ಸಾಧನವೊಂದು ಹೀಗೆ ಸಿದ್ಧವಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಬಾಯಿಪಾಠವಾದದ್ದು ಬೇಗನೆ ಯಾಂತ್ರಿಕವಾಗುತ್ತದೆ. ನಾಲಗೆ ಸಂಧಿಯನ್ನು ಮುಗಿಸುವ ಹೊತ್ತಿಗೆ ಮನಸ್ಸು ಸಂತೆಯನ್ನು ಮುಗಿಸಿಕೊಂಡು ಬಂದಿರುತ್ತದೆ. ಪಾರಾಯಣ ಮಾಡುವ ಯಾರನ್ನು ಕೇಳಿದರೂ ಇದನ್ನು ಒಪ್ಪುತ್ತಾರೆ. ಡಂಭದ ಜಪವನ್ನು ಹಳಿಯುವ ಹಾಡುಗಳನ್ನು ಬರೆದ ದಾಸರಿಗೂ ಇದು ತಿಳಿದಿತ್ತು. ಆದರೆ ಪಾರಾಯಣಕ್ಕೆ ಮೌನಾಸನಕ್ಕಿಲ್ಲದ ಒಂದು ಅನುಕೂಲವಿದೆ: ತಪ್ಪಿದ್ದು ತಿಳಿಯುತ್ತದೆ. ಪದ ಮರೆತಾಗ, ಪದ್ಯ ಹಾರಿದಾಗ, ಜೊತೆಗೆ ಹಾಡುವವರ ದನಿಗಿಂತ ತನ್ನ ದನಿ ಹಿಂದೆ ಬಿದ್ದಾಗ ಮನಸ್ಸು ತಾನು ಹೊರಗಿದ್ದುದನ್ನು ಥಟ್ಟನೆ ಅರಿಯುತ್ತದೆ. ರಾಯಚೂರಿನ ಭಜನಾಮಂಡಳಿಗಳಲ್ಲಿ ಹೆಂಗಸರು ಗುಂಪಾಗಿ ಹಾಡುವುದರ ಪ್ರಯೋಜನಗಳಲ್ಲಿ ಇದೂ ಒಂದೆಂದು ತೋರುತ್ತದೆ.

ಈ ಅರಿವಿನ ಕ್ಷಣದ ಮಹತ್ತ್ವವನ್ನು ೨೦೧೨ರಲ್ಲಿ ವೆಂಡಿ ಹಾಸನ್‌ಕ್ಯಾಂಪ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಎತ್ತಿ ತೋರಿಸಿತು. ಉಸಿರಿನ ಮೇಲೆ ಗಮನವಿಡುವ ಅಭ್ಯಾಸಿಗಳನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ, ಮನಸ್ಸು ಅಲೆದದ್ದು ಗೊತ್ತಾದೊಡನೆ ಗುಂಡಿಯನ್ನೊತ್ತಲು ಹೇಳಿದ್ದರು. ಅಲೆದಾಟ, ಅಲೆದದ್ದರ ಅರಿವು, ಗಮನವನ್ನು ಮರಳಿಸುವುದು, ಗಮನ ನಿಲ್ಲುವುದು ಎಂಬ ನಾಲ್ಕು ಘಟ್ಟಗಳು ಸುತ್ತಿ ಸುತ್ತಿ ಬರುತ್ತವೆಂದೂ, ಒಂದೊಂದು ಘಟ್ಟದಲ್ಲಿ ಮಿದುಳಿನ ಬೇರೆ ಬೇರೆ ಜಾಲಗಳು ಚುರುಕಾಗುತ್ತವೆಂದೂ ಅವರು ಕಂಡರು. ನುರಿತ ಅಭ್ಯಾಸಿಗಳಲ್ಲಿಯೂ ಚಕ್ರ ತಿರುಗುತ್ತಲೇ ಇತ್ತು. ಅಲೆದಾಟವು ಧ್ಯಾನದ ಹೊರಗಿನ ವಿಘ್ನವಾಗಿರದೆ ಅದರ ಒಂದು ಘಟ್ಟವಾಗಿದೆ. ಅಲೆದ ಗಮನವನ್ನು ಮತ್ತೆ ಮತ್ತೆ ಮರಳಿ ತರುವ ಶಕ್ತಿಯೇ ವಿವೇಕ, ಶೀಲ, ಸಂಕಲ್ಪಗಳ ಬೇರು ಎಂದು ವಿಲಿಯಂ ಜೇಮ್ಸ್ ೧೮೯೦ರಷ್ಟು ಹಿಂದೆಯೇ ಬರೆದಿದ್ದರು. ಗೀತೆಯ ೨೬ನೆಯ ಶ್ಲೋಕದೊಡನೆ ಇದನ್ನಿಟ್ಟು ನೋಡಬಹುದು.

ಎಡೆದೊರೆಯಲ್ಲಿ ದಾಸರ ದಾರಿಯೊಂದೇ ಇದ್ದಿತೆಂದು ಭಾವಿಸಬಾರದು. ದೇವದುರ್ಗ ತಾಲ್ಲೂಕಿನ ಗೂಗಲ್ಲಿನಲ್ಲಿ, ಕೃಷ್ಣೆಯ ತಡಿಯಲ್ಲಿ, ಅಲ್ಲಮಪ್ರಭು ತಂಗಿ ಧ್ಯಾನಿಸಿದನೆಂಬ ನಂಬಿಕೆಯಿದೆ. ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗವು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಸಾಧನೆಯಿಂದ ವಜ್ರದೇಹವನ್ನು ಪಡೆದ ಗೋರಕ್ಷನಿಗೆ ಕತ್ತಿಯಿಂದ ಹೊಡೆದಾಗ ಖಣಿಲೆಂದು ಸದ್ದಾಯಿತು. ಅಲ್ಲಮನಿಗೆ ಬೀಸಿದ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ತಡೆಯುವವನಲ್ಲಿ ಸದ್ದುಂಟು, ಎಡೆಗೊಡುವವನಲ್ಲಿ ಇಲ್ಲ. ದಾಸರು ಮನಸ್ಸಿಗೆ ಕೆಲಸ ಕೊಟ್ಟರೆ ಅಲ್ಲಮನು ವಿಚಾರಗಳಿಗೆ ತಾಕುವ ಗೋಡೆಯನ್ನೇ ತೆಗೆದುಬಿಡುತ್ತಾನೆ. ಇದು ಶ್ರೇಷ್ಠವಿರಬಹುದು, ಆದರೆ ಮೊದಲ ವರ್ಷದ ಅಭ್ಯಾಸಿಗೆ ಸುಲಭವೆನ್ನಲಾರೆವು. ಇದೇ ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯನು ಕಾಯಕದಲ್ಲಿ ತಲ್ಲೀನನಾದವನಿಗೆ ಪೂಜೆಯ ಹಂಗೂ ಬೇಡವೆಂಬಷ್ಟು ಮುಂದೆ ಹೋದನು. ಕೈಗೆ ಕೆಲಸವಿದ್ದಾಗ ಮನಸ್ಸು ತಾನಾಗಿ ನಿಲ್ಲುವುದನ್ನು ದುಡಿಯುವವರೆಲ್ಲ ಬಲ್ಲರು.

ಕುಳಿತು ಧ್ಯಾನಿಸಲಾರೆನೆಂದು ಕೊರಗುವ ವಿದ್ಯಾರ್ಥಿಗೆ ಇನ್ನೂ ಒಂದು ಮಾತನ್ನು ತಿಳಿಸಬೇಕು. ಮಧ್ವಾಚಾರ್ಯರು ಅನುವ್ಯಾಖ್ಯಾನದಲ್ಲಿ ಉಪಾಸನೆಯನ್ನು ಎರಡು ವಿಧವಾಗಿ ವಿಂಗಡಿಸಿದ್ದಾರೆ: ಶಾಸ್ತ್ರಾಭ್ಯಾಸರೂಪವಾದದ್ದು ಒಂದು, ಧ್ಯಾನರೂಪವಾದದ್ದು ಇನ್ನೊಂದು. ಓದಿ, ಅರ್ಥವನ್ನು ವಿಚಾರಿಸಿ, ಇತರರಿಗೆ ವಿವರಿಸುವುದು ಧ್ಯಾನಕ್ಕೆ ಬಡ ಬದಲಿಯೆಂದು ಅವರು ಎಣಿಸಿಲ್ಲ. ಅದನ್ನೂ ಉಪಾಸನೆಯೆಂದೇ ಕರೆದಿದ್ದಾರೆ. ಹಾಗೆಯೇ ನಿದ್ರಾಹೀನತೆ, ತೀವ್ರವಾದ ಭಯ ಅಥವಾ ಖಿನ್ನತೆ ಇರುವವರು ಕಣ್ಣುಮುಚ್ಚಿ ಕುಳಿತಾಗ ಅವು ಉಲ್ಬಣಿಸಿದರೆ ಹಟದಿಂದ ಮುಂದುವರಿಸದೆ ವೈದ್ಯರನ್ನು ಕಾಣುವುದು ಅವಶ್ಯ. ಅದು ಚಾಂಚಲ್ಯದ ಪ್ರಶ್ನೆಯೇ ಬೇರೆ.

ಕೊನೆಯದಾಗಿ, ಸಂಶೋಧನೆಗೆ ತೆರೆದಿರುವ ಒಂದು ಕೆಲಸ. ಮಾನ್ವಿ, ದೇವದುರ್ಗ, ರಾಯಚೂರುಗಳಲ್ಲಿ ಹರಿಕಥಾಮೃತಸಾರವನ್ನು ನಿತ್ಯ ಹಾಡುವ ಹಿರಿಯರ ಪಾರಾಯಣವನ್ನು ಧ್ವನಿಮುದ್ರಿಸಿ, ಪದ್ಯವೊಂದಕ್ಕೆ ತಗಲುವ ಕಾಲವೆಷ್ಟು, ೧೦೨ ಮಾತ್ರೆಗಳ ನಡುವೆ ಅವರು ಎಷ್ಟು ಸಲ, ಯಾವ ಯಾವ ಪಾದಗಳ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಪಾರಾಯಣದ ವೇಳೆ ಉಸಿರಿನ ಗತಿ ನಿಮಿಷಕ್ಕೆ ಹದಿನೈದರಿಂದ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಅಳೆಯಬಹುದು. ಒಂದು ಗಡಿಯಾರ, ಒಂದು ಮುದ್ರಣಯಂತ್ರ, ಛಂದಸ್ಸನ್ನು ಬಲ್ಲ ಇಬ್ಬರು ವಿದ್ಯಾರ್ಥಿಗಳು ಇದ್ದರೆ ಈ ಕೆಲಸವನ್ನು ಒಂದು ಬೇಸಿಗೆಯ ರಜೆಯಲ್ಲಿ ಆರಂಭಿಸಲು ಸಾಧ್ಯ. ಪಾರಾಯಣ ಬೆಳಗಿನ ಜಾವದಲ್ಲಿಯೇ ಮುಗಿಯುವುದರಿಂದ ರಾಯಚೂರಿನ ಬಿಸಿಲೂ ಅಡ್ಡಿಯಾಗದು.